ಒಂಬತ್ತಾದ ಅರ್ಕಾವೊತ್ತು

ಮುಳಗುಂದ ನಾಕಾದಾಗ ನಮ್ಮ ಅಂಗಡಿ, ಹತ್ತು ಬೈ ಹನ್ನೆರಡು.
ಲಗ್ನಪತ್ರ, ರಸೀದಿ ಪುಸ್ತಕ, ಮೂರನೇ ದಿನದ ಚೀಟಿ,
ಹಿಟ್ಟಿನ ಗಿರಣಿ ಚಾಲೂ ಆದದ್ದಕ್ಕ ಹಸರು ಹ್ಯಾಂಡ್‌ಬಿಲ್ಲು.
ಮಷಿನ್ನು ಎರಡು ಸಾವಿರದ ಒಂಬತ್ತರದು.
ಅದರೊಳಗಿನ ವಿಂಡೋಸ್ ಕಳವಿನದು.
ಬೆಟಗೇರಿ ಹುಡುಗ ಐವತ್ತು ರೂಪಾಯಿಗೆ ಹಾಕಿ ಕೊಟ್ಟಿದ್ದ,
ನಾ ಕೇಳಲಿಲ್ಲ, ಅಂವ ಹೇಳಲಿಲ್ಲ.

ಈ ಚಳಿಗಾಲ ಅದು ಪರದೆ ಕರ್ರಗ ಮಾಡಿ ಅಂತು:
ನೀವು ಮೋಸ ಹೋಗಿರಬಹುದು.
ಮುಂದ ಗಿರಾಕಿ ಕುಂತಿದ್ದರು.
ಮೋಸ ಹೋದಾಂವ ನಾನೋ, ಮಾಡಿದಾಂವ ನಾನೋ,
ಹೆಂಥಾ ಮುಖ ಮಾಡಬೇಕು ತಿಳೀಲಿಲ್ಲ.

ನಗೀನಾ ಬಂದಳು, ಡಿಪ್ಲೊಮಾ ಎರಡನೇ ವರ್ಷ,
ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಹಾಕಿಸಾಕ.
ನೋಡಿ ನಕ್ಕಳು. ಪೆನ್‌ಡ್ರೈವ್ ತಗದಳು.
"ಲಿನಕ್ಸ್ ಹಾಕ್ತೀನ್ರಿ ಅಣ್ಣಾ. ಸ್ಪೈರಲ್ ಫ್ರೀ ಮಾಡ್ರಿ."
ಒಂದು ತಾಸು. ಎರಡು ಸಲ ಚಾ.
ಮಷಿನ್ನಿನ ಫ್ಯಾನು ಗೊರಕಿ ಬಿಟ್ಟಿತು;
ಎಷ್ಟೋ ವರ್ಷಕ್ಕ ಕೇಳಿಸಿತು
ಬಾಜೂ ಅಂಗಡ್ಯಾಗಿನ ಹೊಲಿಗಿ ಯಂತ್ರ.

ಎಲ್ಲಾ ಸುಸೂತ್ರ ಅಂತ ಹೇಳಿದ್ರ ಸುಳ್ಳು.
ಪ್ರಿಂಟರ್ ಎರಡು ದಿನ ಮಾತಾಡಲಿಲ್ಲ, ಸಿಟ್ಟಾದ ಬೀಗರಂಗ.
ಹುಬ್ಬಳ್ಳಿ ಆಫ್‌ಸೆಟ್‌ನಾಂವ "ಕೋರಲ್ ಫೈಲೇ ಬೇಕು" ಅಂದ;
ಅದಕ್ಕಂತ ಇನ್ನೊಂದು ಹಳೇ ಡಬ್ಬಿ ಮೂಲ್ಯಾಗ ಐತಿ,
ಮ್ಯಾಲ ಟವೆಲ್ ಹೊದಿಸೇನಿ.

ಖರೇ ಪಂಚಾಯಿತಿ ಹಳೇ ಫೈಲಿಂದು.
ಎಷ್ಟು ಮಂದಿ ಲಗ್ನ, ಎಷ್ಟು ಮಂದಿ ತಿಥಿ,
ತೆರೆದರ ಒಂದಕ್ಷರ ಕನ್ನಡ ಇಲ್ಲ.
'ಕನ್ನಡ' ಅಂದಲ್ಲಿ ಇಂಗ್ಲಿಷಿನ ಪಿ, ನೆತ್ತಿಗೆ ಗೀರು ಬಿದ್ದ ಎ,
ಅದರ ಮುಂದ ಪೌಂಡಿನ ಗುರುತು.
"ಇದು ಮೊದಲಿಂದ ಹಿಂಗ ಇತ್ರಿ," ಅಂದಳು ನಗೀನಾ,
"ಫಾಂಟು ಮ್ಯಾಲ ಕನ್ನಡದ ವೇಷ ಹಾಕಿತ್ತು, ಅಷ್ಟ."
ಇಷ್ಟು ವರ್ಷ ಊರಿನ ಹೆಸರೆಲ್ಲಾ
ದೊಡ್ಡಾಟದ ಮಂದಿ ಹಂಗ
ಬಣ್ಣ ಹಚಿಗೊಂಡು ನನ್ನ ಮುಂದ ನಿಂತಿದ್ದವು.

ಯಾರೋ ಬರೆದು ಎಲ್ಲಾರಿಗೂ ಬಿಟ್ಟಿದ್ದ ಕನ್ವರ್ಟರ್
ರಾತ್ರಿಯೆಲ್ಲಾ ಓಡಿತು.
ಮುಂಜಾನೆ ಕನ್ನಡ ಬಂದಿತ್ತು, ಖರೇ ಕನ್ನಡ,
ಆದರ ಅರ್ಕಾವೊತ್ತು ಒಂಬತ್ತಾಗಿ ಕುಂತಿತ್ತು:
ಸೂಯ೯ಕಾಂತ. ಊಮಿ೯ಳಾ. ಮಾಚ್೯ ಏಳು.

ಗುರಸಿದ್ದಪ್ಪ ಕಾಕಾ ಬಂದ, ಎಂಬತ್ತೊಂದು ವಯಸ್ಸು,
ಅಪ್ಪನ ಕಾಲದ ಕಂಪೋಜಿಟರ್,
ಸೀಸದ ಮೊಳಿ ಉಲ್ಟಾ ಓದಿ ಓದಿ
ಈಗೂ ಪೇಪರ್ ವಾರಿ ಹಿಡದು ಓದ್ತಾನ.
ನಗೀನಾ ಕನ್ವರ್ಟರಿನ ಹೊಟ್ಟಿ ಬಿಚ್ಚಿದಳು, ಸಾಲು ಸಾಲು,
ಒಂದು ಕಡೆ ಬೆರಳಿಟ್ಟಳು: "ಇಲ್ಲೈತಿ."
ಅಳಿಸಿದಳು. ಬರೆದಳು. ಮತ್ತ ಓಡಿಸಿದಳು.
ಊರ್ಮಿಳಾ ಊರ್ಮಿಳಾ ಆದಳು.
"ಬಿಚ್ಚಾಕ ಬಿಡ್ತಾರೇನು?" ಕಾಕಾ ಕೇಳಿದ.
"ಬಿಡ್ತಾರ್ರಿ ಅಜ್ಜಾ. ತಿದ್ದಿದ್ದು ಅವರಿಗೂ ಕಳಸ್ತೀನಿ."
ಬಹಳ ಹೊತ್ತು ಸುಮ್ಮನಿದ್ದು ಅಂದ:
"ಮೊಳಿ ಸವದ್ರ ನಾವೂ ಕರಗಿಸಿ ಎರೀತಿದ್ವಿ.
ಕೈ ಸುಡ್ತಿತ್ತು."

ಆಮ್ಯಾಲ ನನ್ನ ತಂಗಿ ಲಗ್ನಪತ್ರ ಬಂತು.
ತಳಕ್ಕ 'ಆಗಮನಾಭಿಲಾಶಿಗಳು',
ಷ ಇರಬೇಕಾದಲ್ಲಿ ಶ.
ನಗೀನಾ ಮತ್ತ ಸಾಲಿನೊಳಗ ಇಳಿಯಾಕ ಹೊಂಟಳು.
ಕಾಕಾ ಪೆನ್ಸಿಲಿನಿಂದ ಮೇಜು ಬಡದ.
"ಅದು ಮಷಿನ್ನಿನ ತಪ್ಪಲ್ಲವಾ.
ಪ್ರೂಫ್ ನೋಡಿದಾಂವ ನಾನು.
ಎಂಟುನೂರು ಮನಿಗೆ ಹೋತು, ಒಬ್ಬರೂ ಅನ್ನಲಿಲ್ಲ."
ಚಷ್ಮಾ ಒರಸಿದ, ಮತ್ತ ಹಾಕ್ಕೊಂಡ.
"ಇರಲಿ ಬಿಡು. ಅದು ಇದ್ದದ್ದ ಹಂಗ."

ಫೈಲಿಗೆ ಹೆಸರೇನು ಅಂತ ಕೇಳಿತು ಮಷಿನ್ನು.
ಊರ್ಮಿಳಾ ಅಂತ ಕನ್ನಡದಾಗ ಹೊಡದೆ.
ತಗೊಂಡಿತು.
ಬಾಜೂಕ ಹೊಲಿಗಿ ಯಂತ್ರ ಊಟಕ್ಕ ನಿಂತಿತ್ತು.