ಹೊಸಬಿಯ ಕೋಲು

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲವಾದ ಮೇಲೆ
ಕಾಡು ಮೂರು ತುಂಡು.
ನಡುವಿನದಕ್ಕೆ ನಮ್ಮ ಪಟ್ಟಿಯಲ್ಲಿ ಹೆಸರು ‘ಬಿ’.
ಬೆಳಗಿನ ಆರಕ್ಕೆ ನಾನು, ಹೊಸಬಿ ಗೌಡ,
ಹಗ್ಗ ಬಿಗಿದ ಚೌಕದೊಳಗೆ ಕೂತು
ಜೇಡ ಎಣಿಸುತ್ತೇವೆ, ಉಸಿರು ಹಿಡಿದು.
ಉಸಿರು ತಾಗಿದರೂ ಸಾಕು, ಕೆಲವು
ಉದುರಿ ಬಿದ್ದು ಸತ್ತಂತೆ ಮಲಗುತ್ತವೆ.

ಆಚೆಯ ದೊಡ್ಡ ಕಾಡಿನಲ್ಲಿ ನಲವತ್ತೊಂದು.
ಇಲ್ಲಿಯೂ ನಲವತ್ತೊಂದು.
‘ಹಾಗಾದರೆ ಏನೂ ಆಗಿಲ್ಲ ಅನ್ನಿ’
ಫೋನಿನಲ್ಲಿ ಸಾಹೇಬರು.
ಅಲ್ಲಿ ಹತ್ತೊಂಬತ್ತು ಬಗೆ, ಸರ್.
ಇಲ್ಲಿ ನಾಲ್ಕು; ಅದರಲ್ಲೂ ಮುಕ್ಕಾಲು
ನಮ್ಮ ಬಚ್ಚಲ ಮೂಲೆಯವೇ.

ತರಗೆಲೆ ಎತ್ತಿದರೆ ಅಡಿಯಲ್ಲಿ ತೇವವಿಲ್ಲ,
ಬಿಸಿಲು ಬಂದು ಕೂತಿದೆ.
ಮರಿಯೊಂದು ಕೊಂಬೆಯ ತುದಿಗೇರಿ
ಗಾಳಿಗೆ ನೂಲು ಬಿಟ್ಟಿತು.
ಆಚೆ ದಡದ ಮರಕ್ಕೆ ಮುಟ್ಟಲಿಲ್ಲ ಅದು,
ಹುಬ್ಬಳ್ಳಿ ಲಾರಿಯ ಟಾರ್ಪಾಲಿಗೆ ಅಂಟಿ
ಕುಮಟೆಗೆ ಇಳಿದುಹೋಯಿತು.

ಹೊಸಬಿ ಸಣ್ಣವಳಿದ್ದಾಗ
ಸೌದೆಗೆ ಹೊರಟರೆ ಮೋರೆಯ ಮುಂದೆ
ಕೋಲು ಬೀಸುತ್ತಲೇ ನಡೆಯಬೇಕಿತ್ತಂತೆ,
ಇಲ್ಲವೋ ಕಣ್ಣು ಮೂಗೆಲ್ಲ ಬಲೆ.
ಅರಿಶಿನದ ಬಣ್ಣದ ನೂಲು,
ಹರಿದರೆ ಸದ್ದಾಗುವಷ್ಟು ಗಟ್ಟಿ.

ಇವತ್ತೂ ನನ್ನ ಮುಂದೆ ಹೋಗುತ್ತ
ಕೋಲು ಬೀಸುತ್ತಾಳೆ.
ಏನೂ ತಾಗುವುದಿಲ್ಲ.
ಬೀಸುತ್ತಾಳೆ.