ಏರಿಯ ಈಚೆ

ಚೀಟಿ ಎತ್ತಿದ್ದು ಬಾಗೇಪಲ್ಲಿಯಲ್ಲಲ್ಲ,
ಎಲ್ಲೋ ದೂರದ ಕಂಪ್ಯೂಟರಿನೊಳಗೆ.
ಕೆರೆಯ ಆಚೆ ಎಗುವಪಲ್ಲಿಗೆ ಮೇಕೆ ಬಂದವು,
ಮನೆಗೆ ಎರಡು, ಕಿವಿಗೆ ಹಳದಿ ಬಿಲ್ಲೆ,
ವಾರಕ್ಕೊಮ್ಮೆ ಧೈರ್ಯ ಹೇಳುವ ಹುಡುಗ,
ಉಳಿತಾಯದ ಡಬ್ಬಿ, ಡಬ್ಬಿಗೆ ಬೀಗ.
ಏರಿಯ ಈಚೆ ದಿಗುವಪಲ್ಲಿಗೆ
ನಾನು ಬಂದೆ.

ಕೈಯಲ್ಲಿ ಟ್ಯಾಬು, ನೂರಾ ಹನ್ನೆರಡು ಪ್ರಶ್ನೆ.
ಹುಟ್ಟಿದ್ದು ಇಂಗ್ಲಿಷಿನಲ್ಲಿ,
ಕನ್ನಡವಾದದ್ದು ಯಾರದೋ ಮೇಜಿನ ಮೇಲೆ,
ತೆಲುಗಾದದ್ದು ನನ್ನ ನಾಲಿಗೆಯಲ್ಲೇ
ಅಕ್ಕಲಮ್ಮನ ಹೊಸಿಲು ದಾಟುವಾಗ.
ನಿಮ್ಮ ಒಂದು ಗಂಟೆ ಬೇಕು, ಒಪ್ಪಿಗೆಯೇ?
"ರಾ ತಲ್ಲೀ, ಕೂಚೋ."

ಕಳೆದ ಏಳು ದಿನಗಳಲ್ಲಿ
ಊಟ ಕಡಿಮೆ ಮಾಡಬೇಕಾಯಿತೇ?
"ಯಾರದು?"
ಮನೆಯವರದು.
"ಮನೆಯಲ್ಲಿ ಯಾರದು ಅಂತ ಕೇಳು.
ಒಂದೊಂದು ಸಲ ಒಬ್ಬೊಬ್ಬರ ಹೊಟ್ಟೆ ಚಿಕ್ಕದಾಗುತ್ತೆ."
ಅದಕ್ಕೆ ಖಾನೆಯಿಲ್ಲ.
ಹೌದು, ಒತ್ತಿದೆ.

ಎರಡನೆಯ ವರ್ಷ ಚಾಪೆ ಹಾಸಿ
ಉತ್ತರ ಬಾಯಿಪಾಠ ಮಾಡಿಕೊಂಡು ಕಾದಿದ್ದಳು:
ಗೋಡೆ ಮಣ್ಣು, ಸೂರು ಶೀಟು,
ಕುರ್ಚಿ ಒಂದು, ಕಾಲು ಮೂರು,
ಬರೆದುಕೋ ಲೆಕ್ಕದಮ್ಮಾ.
ಅವಳ ಹೊತ್ತಿಗೆ ನಾವು ಕೊಡುವುದು ಒಂದು ಸೋಪು.
ಹೋದ ವರ್ಷದ್ದು ಕಾಗದ ಬಿಚ್ಚದೆ
ಗೂಡಿನಲ್ಲಿ ದೀಪದ ಪಕ್ಕ ಇತ್ತು.

ಆ ಸಲ ದೊಡ್ಡವರೂ ಬಂದರು, ಬಿಳಿ ಕಾರಿನಲ್ಲಿ.
ಒಬ್ಬರ ಕತ್ತು ಬಿಸಿಲಿಗೆ ಸುಲಿದಿತ್ತು.
ಬೂಟು ಬಿಚ್ಚಿ, ತಲೆ ತಗ್ಗಿಸಿ ಒಳಬಂದರು;
ಬಾಗಿಲು ಗಿಡ್ಡ, ಮನುಷ್ಯ ಒಳ್ಳೆಯವನು.
"ಅವರಿಗುಂಟು, ನಮಗ್ಯಾಕಿಲ್ಲ?"
ನಾನೇ ಇಂಗ್ಲಿಷಿಗೆ ದಾಟಿಸಿದೆ.
ಅವರು ತಡವರಿಸಿ ನಿಜವನ್ನೇ ಹೇಳಿದರು:
ಕೊಡದ ಊರೊಂದು ಇರದಿದ್ದರೆ
ಕೊಟ್ಟದ್ದರಿಂದ ಏನಾಯಿತೆಂದು ತಿಳಿಯುವುದು ಹೇಗೆ?
ತಿಳಿದರೆ ಇನ್ನೊಂದು ದೇಶ, ಇನ್ನೂ ಲಕ್ಷ ಮನೆ...
ಲಕ್ಷ ಎನ್ನುವಾಗ ಕೈ ಅಗಲಿಸಿದರು,
ಬೆರಳು ಗೋಡೆಗೆ ಬಡಿಯಿತು.

ಅಕ್ಕಲಮ್ಮ ತಲೆಯಾಡಿಸಿದಳು.
"ಗೊತ್ತು. ಹೊಸ ಗೊಬ್ಬರ ತಂದ ವರ್ಷ
ನಾನೂ ರಾಗಿಯಲ್ಲಿ ಒಂದು ಸಾಲು ಹಾಗೇ ಬಿಡ್ತೀನಿ.
ಅಂಗಡಿಯವನ ಮಾತು ನಂಬೋಕಾಗುತ್ತಾ?
ಆದರೆ ಸ್ವಾಮೀ,
ಆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಹಸಿವಾಯ್ತಾ, ಎಷ್ಟು ಹಸಿವಾಯ್ತು
ಅಂತ ನಾನು ಕೇಳೋದಿಲ್ಲ."
ಗೊಬ್ಬರದವರೆಗೆ ದಾಟಿಸಿದೆ.
ಅವರು ಖುಷಿಯಿಂದ ಬರೆದುಕೊಂಡರು.

ಮೂರನೆಯ ವರ್ಷ. ಪ್ರಶ್ನೆ ಅರವತ್ತನಾಲ್ಕು: ಸಾಕುಪ್ರಾಣಿ?
"ಒಂದು," ಎಂದಳು.
ಹಿತ್ತಲಲ್ಲಿ ಅದೂ ಹೌದೆಂದು ಕೂಗಿತು.
ರಾತ್ರಿ ಮೇಲಿನವರ ಫೋನು:
ಹೋಲಿಕೆಯ ಊರಿನಲ್ಲಿ ಮೇಕೆ ಎಲ್ಲಿಂದ ಬಂತು?
ಹೋಗಿ ಮತ್ತೆ ಕೇಳು.

"ಎಗುವಪಲ್ಲಿ ನಾದಿನಿ ಆದೆಮ್ಮ ಕೊಟ್ಟಳು.
ಅವಳದ್ದು ಅವಳಿ ಈದಿತ್ತು.
ಅವಳ ಬಾಣಂತನ ನಾನು ಮಾಡಿದ್ದೆನಲ್ಲ,
ಆಗ ನೀನು ಹುಟ್ಟೇ ಇರಲಿಲ್ಲ."
ಮರಿಯ ಕಿವಿಯಲ್ಲಿ ಬಿಲ್ಲೆ ಇರಲಿಲ್ಲ.
ಕೊಂಡದ್ದು, ಸಾಲದ್ದು, ಸರ್ಕಾರದ್ದು, ಇತರೆ.
ಇತರೆ ಒತ್ತಿದೆ.

ವರದಿಯಲ್ಲಿ ಅದು ಅಡಿಟಿಪ್ಪಣಿಯಾಯಿತು.
ನನಗೆ ತಿಳಿಯುವ ಕನ್ನಡದಲ್ಲಿ ಹೇಳಿದರೆ, ಸೋರಿಕೆ.
ಇಂಥ ಸೋರಿಕೆಯಿಂದ
ಫಲಿತಾಂಶ ಮಸುಕಾಗುತ್ತದಂತೆ.

ಆವತ್ತು ಬಸ್ಸಿಗೆಂದು ಏರಿಯ ಮೇಲೆ ನಡೆದಿದ್ದೆ.
ತೂಬಿನ ಪಕ್ಕ, ಕಲ್ಲಿನ ಸಂದಿಯಲ್ಲಿ
ಯಾವ ಕಾಲದಿಂದಲೋ ನೀರು ಜಿನುಗುತ್ತದೆ.
ಮುಚ್ಚಿಸಲೆಂದು ವರ್ಷಾ ವರ್ಷಾ ಅಂದಾಜುಪಟ್ಟಿ ಆಗುತ್ತದೆ.
ಅದರ ಕೆಳಗೆ ಒಂದು ಚಾಪೆಯಗಲ ಹಸಿರು,
ಹಸಿರಿನಲ್ಲಿ ಮರಿ,
ಹಗ್ಗದ ಈ ತುದಿಯಲ್ಲಿ ಅಕ್ಕಲಮ್ಮ.

"ಸೋಪು ಬೇಡ ಲೆಕ್ಕದಮ್ಮಾ,"
ಕೆಳಗಿನಿಂದಲೇ ಕೂಗಿದಳು,
"ಬರೋ ವರ್ಷ ಇದರ ಕತ್ತಿಗೆ ಒಂದು ಗಂಟೆ ತಾ.
ನಾನು ನಿನಗೆ ಮೂರು ಕೊಟ್ಟಿದ್ದೀನಿ."