ಒಂದು ಗಂಟೆ ಹೆಚ್ಚು

ಉಬ್ಬರದ ಪಟ್ಟಿಯಲ್ಲಿ ಆಗಲೇ ಸೇರಿದ್ದ
ಬೇಸಿಗೆಯ ಒಂದು ಗಂಟೆಯನ್ನು
ಮ್ಯೂರಿಯಲ್ ಇನ್ನೊಮ್ಮೆ ಕೂಡಿಸಿದಳು.
ಅಷ್ಟೇ ಆದದ್ದು.

ಚಿಚೆಸ್ಟರ್ ಬಂದರಿನೊಳಗೆ, ಬಾಝಮ್ ಕಾಲುವೆಯ ತಿರುವಿನಲ್ಲಿ,
ನಮ್ಮ ಏಳು ದೋಣಿ ಒಂದರ ಹಿಂದೊಂದು
ಕೆಸರಿಗೆ ಹೊಟ್ಟೆಯೂರಿ ಕೂತವು,
ಏಳೆಂದರೆ ಏಳದ ಎಮ್ಮೆಗಳ ಹಾಗೆ.
ಬೆಳಗ್ಗೆ ಹೊಡೆದ ಡೇರೆಗಳು ಕಾಣುತ್ತಲೇ ಇದ್ದವು,
ಮುನ್ನೂರು ಗಜದಾಚೆ; ಒಳಗೆ
ಒಣಗಿದ ಕಾಲುಚೀಲ, ಬ್ರೆಡ್ಡು, ದಿಂಬು.
ನಡೆದೇ ಹೋಗೋಣವೆಂದು ಇಳಿದ ಡಂಕನ್
ಎರಡು ಹೆಜ್ಜೆಗೆ ಒಂದು ಬೂಟು ಕಂದಾಯ ಕಟ್ಟಿ
ಹಿಂದಿರುಗಿದ.

ಬೈಯುವವರು ಬೈದರು, ಮೊದಲ ಅರ್ಧ ತಾಸು.
ಆಮೇಲೆ ಹಸಿವು.
ಒಬ್ಬರಲ್ಲಿ ಸ್ಟೋವ್, ಒಬ್ಬರಲ್ಲಿ ಬೆಂಕಿಪೊಟ್ಟಣ,
ಕೊನೆಯ ದೋಣಿಯಲ್ಲಿ ಬೀನ್ಸ್ ಡಬ್ಬಿ,
ಡಬ್ಬಿ ಕೊರೆಯುವುದು ಮಾತ್ರ ಡೇರೆಯಲ್ಲಿ.
ಹುಟ್ಟಿನ ಅಲಗಿನ ಮೇಲೆ ಕೂತು ಚಹಾದ ಲೋಟ
ದೋಣಿಯಿಂದ ದೋಣಿಗೆ ದಾಟಿತು.
ಚೆಲ್ಲಿ ಉಳಿದದ್ದನ್ನು ಮ್ಯೂರಿಯಲ್‌ಗೇ ಕೊಟ್ಟೆವು.
ಕುಡಿಯಲಿಲ್ಲ; ಆರುವ ತನಕ
ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಕೆಸರಿಗೂ ಸದ್ದಿದೆಯೆಂದು ಆ ರಾತ್ರಿ ತಿಳಿಯಿತು:
ಅನ್ನ ಇಂಗುವಾಗ ತಳದಲ್ಲೇಳುವ ಗುಳುಗುಳು.
ನಾವು ಕದಲಲಾರದ ಕಡೆ
ಬಾಗುಕೊಕ್ಕಿನ ಹಕ್ಕಿಯೊಂದು
ತನ್ನ ಅಂಗಳದಂತೆ ಓಡಾಡಿತು.

ಅರ್ಧ ಚಂದ್ರ ಮುಳುಗಿದ. ಯಾರದೋ ಗೊರಕೆ.
ನೀರು ಬಂದದ್ದನ್ನು ಯಾರೂ ನೋಡಲಿಲ್ಲ.
ಬೆನ್ನಡಿಯ ಹಲಗೆ, ನಿದ್ದೆಯಲ್ಲಿ
ಮಗ್ಗುಲು ಬದಲಿಸುವವರ ಹಾಗೆ,
ಒಮ್ಮೆ ಮಿಸುಕಿತು.
"ಎರಡು ಹತ್ತು," ಪಿಸುಗುಟ್ಟಿದಳು ಮ್ಯೂರಿಯಲ್.
ಕತ್ತಲಲ್ಲಿ ಯಾರೋ ಕೇಳಿದರು:
"ಯಾವ ಗಡಿಯಾರದಲ್ಲಿ?"

ಏಳೂ ದೋಣಿ ಅಲ್ಲಾಡಿದವು.
ಅಲ್ಲಾಡುವಷ್ಟು ನೀರಿತ್ತು.